ಡಬ್ಬಿಯ ಪುಡಿಯೂ ತಟ್ಟೆಯ ಊಟವೂ

ಕಳೆದ ತಿಂಗಳು ತರುಣನೊಬ್ಬನು ನಮ್ಮ ಕಚೇರಿಗೆ ಬಂದಿದ್ದನು. ಊರು ಕುಂದಾಪುರದ ಕಡೆ; ಮುಂಬಯಿಯ ಉಪಾಹಾರಗೃಹವೊಂದರಲ್ಲಿ ಅಡಿಗೆಯವರ ಕೈಕೆಳಗೆ ದುಡಿಯುತ್ತಾನೆ. ಬೆಳಗಿನ ಜಾವ 4 ಗಂಟೆಗೆ ಎದ್ದರೆ ರಾತ್ರಿಯವರೆಗೂ ಕಾಲಿನ ಮೇಲೆಯೇ ನಿಂತಿರುವ ಜೀವ. “ಯಾವಾಗಲೂ ಆಯಾಸ, ಮೆಟ್ಟಲು ಹತ್ತಿದರೆ ಏದುಸಿರು” ಎಂದು ಹೇಳಿಕೊಂಡು ಚೀಲದಿಂದ ಒಂದು ಡಬ್ಬಿಯನ್ನು ತೆಗೆದು ಮೇಜಿನ ಮೇಲಿರಿಸಿದನು. ಮೊಬೈಲಿನಲ್ಲಿ ಜಾಹೀರಾತು ನೋಡಿ 800 ರೂಪಾಯಿ ತೆತ್ತು ತರಿಸಿದ ‘ಸೂಪರ್‌ಫುಡ್’. ಇದರಿಂದ ಗುಣವಾಗುವುದೇ ಎಂಬುದು ಅವನ ಪ್ರಶ್ನೆ.

ಡಬ್ಬಿಯನ್ನು ತಿರುಗಿಸಿ ಸಣ್ಣ ಅಕ್ಷರಗಳನ್ನು ಓದಿದೆವು. ಒಳಗಿದ್ದುದು ನುಗ್ಗೆ ಸೊಪ್ಪಿನ ಪುಡಿ! ಮನೆಯ ಹಿತ್ತಿಲಲ್ಲಿ ನುಗ್ಗೆ ಮರವಿದೆಯೇ ಎಂದು ಕೇಳಿದಾಗ “ಎರಡಿವೆ” ಎಂದನು. ನಮಗೆ ನಗು ಬರಲಿಲ್ಲ. ಊರಿನಲ್ಲಿರುವ ತಾಯಿಗೆ ಕಳುಹಿಸಬೇಕಾದ ಹಣದಲ್ಲಿ ಆ 800 ರೂಪಾಯಿ ಕಡಿತವಾಗಿತ್ತು.

ನುಗ್ಗೆ ಸೊಪ್ಪು ಉತ್ತಮ ಆಹಾರವೆಂಬುದರಲ್ಲಿ ಸಂದೇಹವಿಲ್ಲ. ಮೋಸವಿರುವುದು ಲೆಕ್ಕದಲ್ಲಿ. ಹಾಲಿಗಿಂತ ಹಲವು ಪಟ್ಟು ಕ್ಯಾಲ್ಸಿಯಂ, ಕಿತ್ತಳೆಗಿಂತ ಹಲವು ಪಟ್ಟು ‘ಸಿ’ ಜೀವಸತ್ವ ಎಂದು ಇಂತಹ ಡಬ್ಬಿಗಳ ಮೇಲೆ ಅಚ್ಚು ಹಾಕಿರುತ್ತಾರೆ. ನೀರನ್ನೆಲ್ಲ ಕಳೆದುಕೊಂಡ 100 ಗ್ರಾಂ ಒಣಪುಡಿಯನ್ನು, ಬಹುಪಾಲು ನೀರೇ ಆಗಿರುವ 100 ಗ್ರಾಂ ಹಾಲಿನೊಡನೆ ತೂಗಿದರೆ ಪುಡಿಯೇ ಗೆಲ್ಲುವುದು ಸಹಜ. ಆದರೆ ದಿನಕ್ಕೆ 100 ಗ್ರಾಂ ಪುಡಿಯನ್ನು ತಿನ್ನುವವರು ಯಾರು? ಒಂದು ಚಮಚೆಯಲ್ಲಿ ಹಿಡಿಯುವುದು ಸುಮಾರು 3 ಗ್ರಾಂ. ಅದರಿಂದ ದೊರೆಯುವ ಕ್ಯಾಲ್ಸಿಯಂ ಅರ್ಧ ಲೋಟ ಹಾಲಿಗೂ ಸಮವಾಗದು. ಇನ್ನು ‘ಸಿ’ ಜೀವಸತ್ವದ ಬಹುಭಾಗ ಸೊಪ್ಪನ್ನು ಒಣಗಿಸುವಾಗಲೇ ನಾಶವಾಗಿರುತ್ತದೆ.

ಒಂದೇ ಪದಾರ್ಥಕ್ಕೆ ಮಹಾಶಕ್ತಿಯನ್ನು ಆರೋಪಿಸುವ ಈ ವಿದ್ಯೆ ಹೊಸದೇನೂ ಅಲ್ಲ. 1924ರಲ್ಲಿ ನ್ಯೂಯಾರ್ಕಿನ ಮಕ್ಕಳ ವೈದ್ಯ ಸಿಡ್ನಿ ಹಾಸ್ ಎಂಬವರು, ಸೀಲಿಯಾಕ್ ಎಂಬ ಕರುಳಿನ ರೋಗದಿಂದ ಬಡಕಲಾಗಿದ್ದ ಮಕ್ಕಳು ಬಾಳೆಹಣ್ಣಿನ ಪಥ್ಯದಿಂದ ಚೇತರಿಸಿಕೊಂಡರೆಂದು ಪ್ರಕಟಿಸಿದರು. ಮಧ್ಯ ಅಮೆರಿಕದಿಂದ ಹಡಗುಗಟ್ಟಲೆ ಬಾಳೆಹಣ್ಣನ್ನು ತರಿಸಿ ಮಾರುತ್ತಿದ್ದ ಯುನೈಟೆಡ್ ಫ್ರೂಟ್ ಕಂಪೆನಿಗೆ ಇದಕ್ಕಿಂತ ಹೆಚ್ಚಿನದೇನು ಬೇಕು? ವೈದ್ಯರ ಮಾತು ವ್ಯಾಪಾರದ ಡಂಗುರವಾಯಿತು. ನಿಜಾಂಶವು ಬೇರೆಯೇ ಆಗಿತ್ತು. ಎರಡನೆಯ ಮಹಾಯುದ್ಧದ ಕಡೆಯ ಚಳಿಗಾಲ, 1944-45ರಲ್ಲಿ, ಹಾಲೆಂಡಿನಲ್ಲಿ ಬ್ರೆಡ್ಡಿಗೆ ಬರ ಬಂದಾಗ ಇದೇ ರೋಗದ ಮಕ್ಕಳು ಸುಧಾರಿಸಿದರು. ಬ್ರೆಡ್ಡು ಮರಳಿ ದೊರೆತೊಡನೆ ಮತ್ತೆ ನರಳಿದರು. ಅಲ್ಲಿನ ವೈದ್ಯ ವಿಲ್ಲೆಮ್ ಡಿಕೆಯವರು 1950ರ ತಮ್ಮ ಪ್ರಬಂಧದಲ್ಲಿ, ಆ ಮಕ್ಕಳಿಗೆ ಆಗದಿದ್ದುದು ಗೋಧಿ ಎಂಬುದನ್ನು ತೋರಿಸಿಕೊಟ್ಟರು. ಹಾಸ್ ಅವರ ಪಥ್ಯದಲ್ಲಿ ಗೋಧಿ ಇರಲಿಲ್ಲ. ಗುಣಕ್ಕೆ ಕಾರಣ ಅದು. ಕೀರ್ತಿ ಮಾತ್ರ ಬಾಳೆಹಣ್ಣಿಗೆ ಹೋಯಿತು. ರೋಗ ವಾಸಿಯಾಯಿತೆಂದು ನಂಬಿ ಮತ್ತೆ ಬ್ರೆಡ್ಡು ತಿಂದವರು ಮತ್ತೆ ಕಷ್ಟಕ್ಕೆ ಸಿಲುಕಿದರು.

ಯೂರೋಪಿನ ಒಕ್ಕೂಟದಲ್ಲಿ 2007ರಿಂದ, ಅನುಮತಿ ಪಡೆದ ನಿರ್ದಿಷ್ಟ ಆರೋಗ್ಯ ಹೇಳಿಕೆಯ ಆಧಾರವಿಲ್ಲದೆ ‘ಸೂಪರ್‌ಫುಡ್’ ಎಂಬ ಮಾತನ್ನು ಬಳಸಿ ಆಹಾರವನ್ನು ಮಾರುವಂತಿಲ್ಲ. ಅದು ವೈದ್ಯಶಾಸ್ತ್ರದ ಪದವಲ್ಲ, ಪೇಟೆಯ ಪದ.

ಪರರ ದೋಷವನ್ನಷ್ಟೇ ಎಣಿಸಿ ನಮ್ಮದನ್ನು ಮುಚ್ಚಿಡುವುದು ನ್ಯಾಯವಲ್ಲ. ಭಾರತದ ಸೂಚನೆಯಂತೆ ವಿಶ್ವಸಂಸ್ಥೆಯು 2023ನೆಯ ಇಸವಿಯನ್ನು ಸಿರಿಧಾನ್ಯಗಳ ವರ್ಷವೆಂದು ಆಚರಿಸಿದಾಗ ನಾವಿನ್ನೂ ಹೋಟೆಲಿನ ಗಲ್ಲಾದಲ್ಲಿ ಕುಳಿತಿದ್ದೆವು. ‘ಶಕ್ತಿದಾಯಕ ರಾಗಿ ದೋಸೆ’ ಎಂದು ಫಲಕ ಬರೆಸಿ, 3 ಪಾಲು ಅಕ್ಕಿಗೆ 1 ಪಾಲು ರಾಗಿ ಬೆರೆಸಿ, 30 ರೂಪಾಯಿ ಹೆಚ್ಚಿಗೆ ಪಡೆದೆವು. ಗಿರಾಕಿಗಳು ಮೆಚ್ಚಿಕೊಂಡು ತಿಂದರು. ಆ ಹಣ ಕೈಯಲ್ಲಿ ನಿಲ್ಲಲಿಲ್ಲ; ಸಂಕೋಚ ಮಾತ್ರ ಮನಸ್ಸಿನಲ್ಲಿ ನಿಂತಿದೆ. ಇಂದು ಅಂಗಡಿಯಲ್ಲಿ ರಾಗಿ ಬಿಸ್ಕತ್ತು ಕೊಳ್ಳುವವರು ಪೊಟ್ಟಣದ ಹಿಂಬದಿಯನ್ನು ಓದಬೇಕು. ಯಾವುದು ತೂಕದಲ್ಲಿ ಹೆಚ್ಚೋ ಅದನ್ನು ಮೊದಲು ಬರೆಯಬೇಕೆಂಬುದು ನಿಯಮ. ಮೈದಾ, ಸಕ್ಕರೆಗಳ ಹೆಸರು ರಾಗಿಗಿಂತ ಮುಂದಿದ್ದರೆ ಅದು ಮೈದಾ ಬಿಸ್ಕತ್ತೇ.

ರಾಗಿಯ ಹಿರಿಮೆ ಸುಳ್ಳಲ್ಲ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಮೀರಿ ಕ್ಯಾಲ್ಸಿಯಂ ಇದೆ. ಅಕ್ಕಿ ಗೋಧಿಗಳು ಅದರ ಹತ್ತಿರಕ್ಕೂ ಬಾರವು. ಆದರೂ ಮೈಸೂರು ಸೀಮೆಯ ರೈತನು ಬರಿಯ ಮುದ್ದೆಯನ್ನು ನುಂಗಲಿಲ್ಲ. ಜೊತೆಗೆ ಹುರುಳಿಯ ಸಾರು, ಸೊಪ್ಪಿನ ಸಾರು ಇರುತ್ತಿದ್ದವು. ಧಾನ್ಯದ ಪ್ರೋಟೀನಿನಲ್ಲಿ ಕೊರತೆಯಿರುವ ಅಂಶವನ್ನು ಕಾಳು ತುಂಬಿಕೊಡುತ್ತದೆ, ಕಾಳಿನ ಕೊರತೆಯನ್ನು ಧಾನ್ಯ ತುಂಬಿಕೊಡುತ್ತದೆ. ನಾವು ದಿನವೂ ರುಬ್ಬುವ ಅಕ್ಕಿ ಉದ್ದುಗಳ ಮರ್ಮವೂ ಇದೇ. ಗುಣವು ಒಂದು ಪದಾರ್ಥದಲ್ಲಿಲ್ಲ, ಕೂಡಿಕೆಯಲ್ಲಿದೆ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2024ರಲ್ಲಿ ಹೊರತಂದ ಸೂಚನೆಗಳೂ ಇದನ್ನೇ ಹೇಳುತ್ತವೆ. ದಿನಕ್ಕೆ 2,000 ಕ್ಯಾಲೊರಿಯ ಊಟವೆಂದರೆ ಧಾನ್ಯ 250 ಗ್ರಾಂ, ಬೇಳೆಕಾಳು 85 ಗ್ರಾಂ, ಸೊಪ್ಪು ತರಕಾರಿ 400 ಗ್ರಾಂ; ಜೊತೆಗೆ ಹಣ್ಣು, ಹಾಲು, ಸ್ವಲ್ಪ ಬೀಜಗಳು. ಪ್ರೋಟೀನ್ ಪುಡಿಗಳಿಂದ ದೂರವಿರಿ ಎಂಬುದೂ ಅದೇ ಸಂಸ್ಥೆಯ ಮಾತು.

ಖೋಲಿಯಲ್ಲಿ ವಾಸಿಸುವ ಗುಮಾಸ್ತರೂ ಹೋಟೆಲಿನ ಹುಡುಗರೂ ಇದನ್ನು ಸಾಧಿಸುವುದು ಹೇಗೆ? ರಾತ್ರಿ ಒಂದು ಹಿಡಿ ಹೆಸರುಕಾಳನ್ನು ನೆನೆಹಾಕಲು ಒಲೆ ಬೇಕಾಗಿಲ್ಲ. ಪೇರಳೆಯ ಕಾಲದಲ್ಲಿ ಒಂದು ಹಣ್ಣು ತಿಂದರೆ ದಿನದ ‘ಸಿ’ ಜೀವಸತ್ವಕ್ಕೆ ಚಿಂತೆಯಿಲ್ಲ. ಸೊಪ್ಪಿನ ಪಲ್ಯಕ್ಕೆ ನಿಂಬೆ ಹಿಂಡಿಕೊಂಡರೆ ಅದರ ಕಬ್ಬಿಣದ ಅಂಶ ದೇಹಕ್ಕೆ ಚೆನ್ನಾಗಿ ಹತ್ತುತ್ತದೆ. ಊಟದೊಡನೆ ಚಹಾ ಕುಡಿದರೆ ಅದೇ ಅಂಶಕ್ಕೆ ಅಡ್ಡಿಯಾಗುತ್ತದೆ. ಆದುದರಿಂದ ಒಂದು ಗಂಟೆಯಾದರೂ ಅಂತರವಿರಲಿ. ಗಳಿಗೆಗೊಮ್ಮೆ ಚಹಾ ಕುಡಿದು ಹಸಿವನ್ನು ಕೊಲ್ಲುವ ನಮ್ಮ ಹುಡುಗರು ಈ ಮಾತನ್ನು ಮರೆಯಬಾರದು.

ಆ ತರುಣನನ್ನು ನಗರಪಾಲಿಕೆಯ ಆಸ್ಪತ್ರೆಗೆ ಕಳುಹಿಸಿದೆವು. ರಕ್ತಪರೀಕ್ಷೆಯಲ್ಲಿ ರಕ್ತಹೀನತೆ ಕಂಡುಬಂದಿತು. ಕಬ್ಬಿಣದ ಮಾತ್ರೆಗಳನ್ನು ಕೊಟ್ಟಿದ್ದಾರೆ. ಡಬ್ಬಿಯನ್ನೇ ನಂಬಿ ಕುಳಿತಿದ್ದರೆ ಇನ್ನೂ ಎಷ್ಟು ತಿಂಗಳು ಕಳೆಯುತ್ತಿದ್ದವೋ! ಬಿಡದ ಆಯಾಸವಿರುವವರು ಪುಡಿ ಕೊಳ್ಳುವ ಮೊದಲು ವೈದ್ಯರನ್ನು ಕಾಣಬೇಕು.

ಹೊರಡುವಾಗ ಅವನು ಇನ್ನೊಂದು ಮಾತು ಹೇಳಿದನು. ಗಿರಾಕಿಗಳ ಊಟ ಮುಗಿಯುವ ವೇಳೆಗೆ ಪಲ್ಯ ತೀರಿರುತ್ತದೆ; ಹುಡುಗರ ಪಾಲಿಗೆ ಉಳಿಯುವುದು ಅನ್ನ ಮತ್ತು ತಿಳಿ ಸಾಂಬಾರು. ನಮ್ಮ ಹೋಟೆಲಿನಲ್ಲಿಯೂ ಅನೇಕ ದಿನ ಹೀಗೆಯೇ ಆಗಿದ್ದುದು ನೆನಪಾಗಿ ತಲೆ ತಗ್ಗಿಸಿದೆವು. ಈ ಪತ್ರಿಕೆಯನ್ನು ಓದುವ ಮಾಲೀಕ ಬಂಧುಗಳಲ್ಲಿ ನಮ್ಮ ವಿನಂತಿ ಇಷ್ಟೇ: ನಾಳೆಯಿಂದ ಪಲ್ಯದ ಪಾತ್ರೆಯಿಂದ ಹುಡುಗರ ಪಾಲನ್ನು ಮೊದಲೇ ತೆಗೆದಿರಿಸಿರಿ.