ಸನ್ಯಾಸಿನಿಯಾಗಲು ಹೊರಟ ಮರೀನಾ

ಬ್ರೆಜಿಲ್‌ನಲ್ಲಿ ದೇವರ ಹೆಸರೆತ್ತದೆ ಚುನಾವಣೆ ಗೆಲ್ಲುವುದು ಕಷ್ಟ. ಅಲ್ಲಿನ ಸಂಸತ್ತಿನಲ್ಲಿ ಇವಾಂಜೆಲಿಕಲ್ ಕ್ರೈಸ್ತ ಸದಸ್ಯರದೇ ಒಂದು ಬಲವಾದ ಕೂಟವಿದೆ. ಅಲ್ಲಿನ ರಾಜಕಾರಣಿ ಮರೀನಾ ಸಿಲ್ವಾ ಕೂಡ ಅಸೆಂಬ್ಲಿ ಆಫ್ ಗಾಡ್ ಸಭೆಗೆ ಸೇರಿದ ಇವಾಂಜೆಲಿಕಲ್ ಕ್ರೈಸ್ತರೇ. ಆದರೆ ಆ ಕೂಟದ ದಾರಿ ಅವರದಲ್ಲ. ನಂಬಿಕೆಯನ್ನು ಮುಚ್ಚಿಡದೆ, ಅದನ್ನು ಓಟಿಗೆ ಮಾರದೆ ರಾಜಕಾರಣ ಮಾಡಿದ ಇವರ ಬದುಕು ನಮ್ಮಲ್ಲಿ ಹೆಚ್ಚು ಜನಕ್ಕೆ ಗೊತ್ತಾಗಬೇಕು ಎನ್ನುವುದು ನನ್ನ ಆಸೆ.

ಮರೀನಾ ಹುಟ್ಟಿದ್ದು 1958ರಲ್ಲಿ, ಬ್ರೆಜಿಲ್‌ನ ಅಮೆಜಾನ್ ಕಾಡಿನ ಪಶ್ಚಿಮದಂಚಿನ ಆಕ್ರೆ ರಾಜ್ಯದಲ್ಲಿ. ಹೆತ್ತವರಿಗೆ 11 ಮಕ್ಕಳು, ಬದುಕುಳಿದವರು ಎಂಟು. ಮನೆಯವರೆಲ್ಲರ ಕಸುಬು ರಬ್ಬರ್ ಹಾಲು ತೆಗೆಯುವುದು. ನಮ್ಮ ಸುಳ್ಯ, ಬೆಳ್ತಂಗಡಿಯ ತೋಟಗಳಿಗೆ ಬಂದ ರಬ್ಬರ್ ಮರದ ತವರು ಅಮೆಜಾನ್. ಇಲ್ಲಿ ಸಾಲಾಗಿ ನಿಲ್ಲುವ ಮರ, ಅಲ್ಲಿ ಕಾಡಿನ ನಡುವೆ ಅಲ್ಲೊಂದು ಇಲ್ಲೊಂದು. ಬೆಳಕು ಹರಿಯುವ ಮೊದಲೇ ತಲೆಗೆ ದೀಪ ಕಟ್ಟಿಕೊಂಡು ಹೊರಡಬೇಕು. ಮರದಿಂದ ಮರಕ್ಕೆ ಕಾಲುದಾರಿ ಹಿಡಿದು ಸಾಗುತ್ತ, ತೊಗಟೆಗೆ ಓರೆಯಾಗಿ ಗೀರು ಹಾಕಿ, ಕೆಳಗೆ ತಗಡಿನ ಬಟ್ಟಲು ಸಿಕ್ಕಿಸಬೇಕು. ಮತ್ತೆ ಅದೇ ದಾರಿ ಸುತ್ತಿ ಹಾಲು ಒಟ್ಟುಮಾಡಿ, ಹೊಗೆಯ ಮೇಲೆ ಹಿಡಿದು ಪದರ ಪದರವಾಗಿ ಉಂಡೆ ಕಟ್ಟಬೇಕು. ಆ ಉಂಡೆ ಹೋಗುವುದು ಧಣಿಯ ಅಂಗಡಿಗೆ. ಅಲ್ಲಿಂದ ತಂದ ಅಕ್ಕಿ, ಉಪ್ಪಿನ ಲೆಕ್ಕದಲ್ಲಿ ಸಾಲ ತೀರಿದ್ದೆಂಬುದೇ ಇರಲಿಲ್ಲ.

ಮಲೇರಿಯಾ ಆಕೆಯನ್ನು ಮತ್ತೆ ಮತ್ತೆ ಕಾಡಿತು. ಎಳೆಯ ವಯಸ್ಸಿನಲ್ಲೇ ತಾಯಿ ತೀರಿಕೊಂಡರು. ಸನ್ಯಾಸಿನಿಯಾಗಬೇಕೆಂಬ ಆಸೆ ಚಿಕ್ಕಂದಿನಿಂದಲೇ ಇತ್ತು; ಓದು ಬರದವರನ್ನು ಮಠಕ್ಕೆ ಸೇರಿಸಿಕೊಳ್ಳುವುದಿಲ್ಲ ಎಂದಿದ್ದರು ಅಜ್ಜಿ. ಹದಿನಾರರ ಹರೆಯದಲ್ಲಿ ಹೆಪಟೈಟಿಸ್‌ಗೆ ಚಿಕಿತ್ಸೆ ಪಡೆಯಲು ರಿಯೊ ಬ್ರಾಂಕೊ ನಗರಕ್ಕೆ ಬಂದಾಗ ಆಕೆಗೆ ಅಕ್ಷರವೇ ಬರುತ್ತಿರಲಿಲ್ಲ. ವಯಸ್ಕರ ಶಿಕ್ಷಣದ ತರಗತಿಗೆ ಸೇರಿದರು, ಮನೆಗೆಲಸ ಮಾಡಿದರು, ಕಾನ್ವೆಂಟಿನಲ್ಲಿಯೂ ಇದ್ದರು. ಕೊನೆಗೆ ಇತಿಹಾಸದಲ್ಲಿ ಪದವಿ ಪಡೆದರು.

ಸನ್ಯಾಸಿನಿ ಮಾತ್ರ ಆಗಲಿಲ್ಲ. ಬಡವರ ಪರ ನಿಲ್ಲುವುದೇ ದೇವರ ಕೆಲಸ ಎನ್ನುತ್ತಿದ್ದ ವಿಮೋಚನಾ ದೇವತಾಶಾಸ್ತ್ರ ಆಗ ಲ್ಯಾಟಿನ್ ಅಮೆರಿಕದ ಚರ್ಚುಗಳಲ್ಲಿ ಬಿಸಿ ಏರಿಸಿತ್ತು. ಚರ್ಚಿನವರೇ ನಡೆಸಿದ ತರಬೇತಿಯೊಂದರಲ್ಲಿ ರಬ್ಬರ್ ಕಾರ್ಮಿಕರ ನಾಯಕ ಶಿಕೊ ಮೆಂಡೆಸ್ ಅವರ ಪರಿಚಯವಾಯಿತು. ಮರ ಕಡಿಯಲು ಗರಗಸ ಹಿಡಿದು ಬಂದವರ ಮುಂದೆ ಗಂಡಸರು, ಹೆಂಗಸರು, ಮಕ್ಕಳು ಸಾಲಾಗಿ ನಿಂತುಬಿಡುವ ‘ಎಂಪಾಚೆ’ ಹೋರಾಟಗಳಲ್ಲಿ ಮರೀನಾ ಭಾಗಿಯಾದರು. 1988ರಲ್ಲಿ ಅವರು ರಿಯೊ ಬ್ರಾಂಕೊ ನಗರಸಭೆಗೆ ಆರಿಸಿ ಬಂದರು. ಅದೇ ವರ್ಷದ ಡಿಸೆಂಬರ್ 22ರಂದು ಶಪೂರಿಯಲ್ಲಿ, ಮನೆಯ ಬಾಗಿಲಲ್ಲೇ, ಮೆಂಡೆಸ್ ಗುಂಡೇಟಿಗೆ ಬಲಿಯಾದರು.

1994ರಲ್ಲಿ, 36ನೇ ವಯಸ್ಸಿಗೆ, ಮರೀನಾ ಸೆನೆಟರ್ ಆದರು. ಕಾಯಿಲೆಯಿಂದ ಜರ್ಜರಿತರಾಗಿದ್ದ ಕೆಲ ವರ್ಷಗಳ ನಂತರ ಕ್ಯಾಥೊಲಿಕ್ ಸಭೆಯಿಂದ ಅಸೆಂಬ್ಲಿ ಆಫ್ ಗಾಡ್‌ಗೆ ಬಂದರು.

2003ರಲ್ಲಿ ಅಧ್ಯಕ್ಷ ಲೂಲಾ ಮರೀನಾ ಅವರನ್ನು ಪರಿಸರ ಸಚಿವೆಯನ್ನಾಗಿ ಮಾಡಿದರು. ಅವರ ಬದುಕಿನ ದೊಡ್ಡ ಕೆಲಸ ನಡೆದದ್ದು ಇಲ್ಲಿ. 2004ರ ಲೆಕ್ಕದಲ್ಲಿ ಅಮೆಜಾನ್ ಕಳೆದುಕೊಂಡ ಕಾಡು ಸುಮಾರು 27,700 ಚದರ ಕಿಲೋಮೀಟರ್, ಅಂದರೆ ಕರ್ನಾಟಕದ ಏಳನೇ ಒಂದು ಭಾಗ. ಮರೀನಾ ಅವರ ಇಲಾಖೆ ಉಪಗ್ರಹದ ಚಿತ್ರಗಳನ್ನು ಬೆನ್ನುಬೆನ್ನಿಗೆ ತರಿಸಿಕೊಂಡು, ಕಡಿತ ನಡೆಯುತ್ತಿದ್ದ ಜಾಗಕ್ಕೇ ಸಿಬ್ಬಂದಿ ಕಳುಹಿಸಿತು. ಹೆಚ್ಚು ಕಾಡು ಕಡಿದ ಪುರಸಭಾ ಪ್ರದೇಶಗಳ ಪಟ್ಟಿ ಹೊರಬಿತ್ತು. ಪರಿಸರದ ನಿಯಮ ಪಾಲಿಸದವರಿಗೆ ಬ್ಯಾಂಕ್ ಸಾಲ ಸಿಗದಂತಾಯಿತು. ದನದ ಫಾರ್ಮುಗಳ ಮಾಲೀಕರು, ಸೋಯಾ ಬೆಳೆಯುವ ದೊಡ್ಡ ಜಮೀನ್ದಾರರು ಕೆರಳಿದರು. ಸರ್ಕಾರದೊಳಗೇ ಬೆಂಬಲ ಕರಗಿದಾಗ, 2008ರ ಮೇ ತಿಂಗಳಲ್ಲಿ ಮರೀನಾ ರಾಜೀನಾಮೆ ಕೊಟ್ಟು ಹೊರಬಂದರು. ಅವರು ಹಾಕಿದ ಬುನಾದಿ ಮಾತ್ರ ಉಳಿಯಿತು: 2012ರ ಹೊತ್ತಿಗೆ ನಾಶ ಸುಮಾರು 4,600 ಚದರ ಕಿಲೋಮೀಟರಿಗೆ ಇಳಿದಿತ್ತು.

ಅಧ್ಯಕ್ಷ ಸ್ಥಾನಕ್ಕೆ ಮೂರು ಸಲ ನಿಂತರು. 2010ರಲ್ಲಿಯೂ 2014ರಲ್ಲಿಯೂ ಮೂರನೇ ಸ್ಥಾನ; ಎರಡನೇ ಸಲ 2.2 ಕೋಟಿ ಮತ. 2018ರಲ್ಲಿ ಶೇಕಡಾ ಒಂದಷ್ಟೇ. ಧರ್ಮ ಅವರನ್ನು ಇಕ್ಕಟ್ಟಿಗೆ ಸಿಲುಕಿಸಿದ್ದು ಈ ಕಣದಲ್ಲಿಯೇ. ಗರ್ಭಪಾತದ ಪ್ರಶ್ನೆಯನ್ನು ಜನಮತಗಣನೆಗೆ ಬಿಡೋಣ ಎಂದರು. ಪಾದ್ರಿಗಳಿಗೆ ಅದು ಸಾಲಲಿಲ್ಲ, ಎಡಪಂಥೀಯರಿಗೆ ಹಿಡಿಸಲಿಲ್ಲ. 2014ರ ಪ್ರಣಾಳಿಕೆಯಲ್ಲಿ ಸಲಿಂಗ ವಿವಾಹಕ್ಕೆ ಬೆಂಬಲ ಸೂಚಿಸಿ ಮರುದಿನವೇ ಅದನ್ನು ತಿದ್ದಿದ್ದು ನನ್ನ ಮಟ್ಟಿಗೆ ಅವರ ರಾಜಕೀಯ ಜೀವನದ ದುರ್ಬಲ ಗಳಿಗೆ. ಮಾತಿಗೆ ಗಟ್ಟಿಯಾಗಿ ನಿಲ್ಲುವವರೆಂದು ನಂಬಿದ್ದವರಿಗೆ ಅದು ನೋವು ತಂದಿತು.

2022ರಲ್ಲಿ ಲೂಲಾ ಜತೆ ಮತ್ತೆ ರಾಜಿಯಾಯಿತು. 2023ರ ಜನವರಿಯಲ್ಲಿ ಅದೇ ಖಾತೆಗೆ ಮರಳಿದರು. 2024ರ ಜುಲೈಗೆ ಮುಗಿದ ವರ್ಷದಲ್ಲಿ ಅಮೆಜಾನಿನ ಅರಣ್ಯನಾಶ ಒಂಬತ್ತು ವರ್ಷಗಳಲ್ಲೇ ಕಡಿಮೆ ಮಟ್ಟಕ್ಕೆ ಇಳಿಯಿತು. ವಿರೋಧ ಇಳಿಯಲಿಲ್ಲ. 2025ರ ಮೇ 27ರಂದು ಸೆನೆಟ್ ಸಮಿತಿಯೊಂದರ ಮುಂದೆ ಹಾಜರಾದಾಗ, ಹೆಣ್ಣಾಗಿ ನಿಮಗೆ ಗೌರವ ಕೊಡಬಹುದು, ಸಚಿವೆಯಾಗಿ ಅಲ್ಲ ಎಂಬರ್ಥದ ಮಾತನ್ನು ಸೆನೆಟರೊಬ್ಬರು ಆಡಿದರು. ಕ್ಷಮೆ ಕೇಳಿ ಎಂದರು ಮರೀನಾ. ಸೆನೆಟರ್ ಕೇಳಲಿಲ್ಲ. ಸಚಿವೆಯಾಗಿ ಕರೆಸಿಕೊಂಡ ಮೇಲೆ ಸಚಿವೆಯ ಗೌರವ ಇಲ್ಲದ ಕಡೆ ಕೂರಲಾರೆ ಎಂದು ಮರೀನಾ ಎದ್ದು ಹೊರನಡೆದರು.