ಮನೆ ರಿಪೇರಿ, ಮಕ್ಕಳ ಪರೀಕ್ಷೆ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದವರು ಹಳೆಯ ಮನೆ ಬಿಚ್ಚಿಸಿ ಅದರಲ್ಲೇ ಸಂಸಾರ ಮಾಡಿದವರಿರಲಾರರು. ಇದ್ದಿದ್ದರೆ ಗಾದೆಗೆ ಇನ್ನೊಂದು ಮಾತು ಸೇರುತ್ತಿತ್ತು.

ಶಿವಮೊಗ್ಗದ ಹಳೆಯ ಕೇರಿಗಳಲ್ಲಿ, 1923ರಲ್ಲಿ ಕಬ್ಬಿಣದ ಕಾರ್ಖಾನೆ ಉತ್ಪಾದನೆ ಆರಂಭಿಸಿದ ಮೇಲೆ ಬೆಳೆದ ಭದ್ರಾವತಿಯಲ್ಲಿ ಹೆಂಚಿನ ಮನೆಗಳು ಇಂದಿಗೂ ಇವೆ. ಹೆಂಚು ಇಳಿಸಿ ತಾರಸಿ ಹಾಕಲು ಇಲ್ಲಿ ಬೇಸಿಗೆಯೇ ಕಾಲ; ಜೂನ್‌ನಲ್ಲಿ ಮಳೆ ಹಿಡಿದರೆ ಬಿಡುವುದಿಲ್ಲ. ಎಸ್ಸೆಸ್ಸೆಲ್ಸಿ, ಪಿಯುಸಿ ಪರೀಕ್ಷೆಗಳು ಬರುವುದೂ ಮಾರ್ಚ್ ಹೊತ್ತಿಗೇ! ಒಲೆ, ಬೀರು, ಅಜ್ಜಿಯ ಹಾಸಿಗೆ, ಟಿ.ವಿ. ಎಲ್ಲ ಒಂದೇ ಕೋಣೆ ಸೇರಿದಾಗ ಪುಸ್ತಕ ಬಿಚ್ಚಲು ಜಾಗವೆಲ್ಲಿ?

ಬೇಗ ಮುಗಿಸಿ ಎಂದು ಮೇಸ್ತ್ರಿಯನ್ನು ಅವಸರಿಸುವಂತೆಯೂ ಇಲ್ಲ. ತಾರಸಿಯ ಮೇಲೆ ಕನಿಷ್ಠ 7 ದಿನ ನೀರು ನಿಲ್ಲಿಸಬೇಕು. ಕೋಣೆ ಸುಮಾರು 15 ಅಡಿಗಿಂತ ಅಗಲವಿದ್ದರೆ ಕೆಳಗಿನ ಆಸರೆ ಕಂಬಗಳನ್ನು 14 ದಿನ ತೆಗೆಯಬಾರದು. ಅಷ್ಟು ದಿನ ಆ ಕೋಣೆ ಇದ್ದೂ ಇಲ್ಲದಂತೆ.

ಆದ್ದರಿಂದ ಪಾಲಕರು ಪಂಚಾಂಗದ ಜೊತೆಗೆ ಪರೀಕ್ಷೆಯ ವೇಳಾಪಟ್ಟಿಯನ್ನೂ ನೋಡಿ ದಿನ ಗೊತ್ತುಮಾಡುವುದು ಒಳ್ಳೆಯದು. ಕೊನೆಯ ಪರೀಕ್ಷೆ ಮುಗಿದ ಮರುದಿನ ಹೆಂಚು ಇಳಿಸಿದರೂ ಮಳೆಗೆ ಮೊದಲು ಒಂದೂವರೆ ತಿಂಗಳು ಸಿಗುತ್ತದೆ. ಇಟ್ಟಿಗೆ, ಮರಳು, ಕಬ್ಬಿಣವನ್ನು ಅಷ್ಟರೊಳಗೆ ತರಿಸಿಟ್ಟುಕೊಂಡಿರಬೇಕು.

ಕೆಲಸ ಆಗಲೇ ಶುರುವಾಗಿದೆಯೇ? ಕೂಲಿಯವರು ಬರುವ ಮುಂಚಿನ ಬೆಳಗಿನ ಹೊತ್ತನ್ನು ಓದುವವರಿಗೇ ಬಿಟ್ಟುಕೊಡಿ. ಹಗಲಿಗೆ ಗ್ರಂಥಾಲಯವಿದೆ, ಸ್ನೇಹಿತರ ಮನೆಯಿದೆ. ವಿದ್ಯಾರ್ಥಿಗಳೇ, ಪುಸ್ತಕ, ನೋಟ್ಸು, ಹಾಲ್ ಟಿಕೆಟ್ಟು ಒಂದೇ ಟ್ರಂಕಿನಲ್ಲಿರಲಿ. ಸಿಮೆಂಟ್ ಧೂಳಿನಲ್ಲಿ ಹುಡುಕುವುದು ತಪ್ಪುತ್ತದೆ.

ಯಾವುದೂ ಹೊಂದಿಕೆಯಾಗದಿದ್ದರೆ ಹೆಂಚಿಗೆ ಕೈಯಾಡಿಸಿ ಇನ್ನೊಂದು ಮಳೆಗಾಲ ಕಳೆಯುವುದೇ ಮೇಲು.