ಗಣಕಸೂಚಿಯ ಟಿಪ್ಪಣಿಯು ವಿದ್ವಾಂಸರನ್ನು ತಲಪುವ ಬಗೆ

ನರಗುಂದ ತಾಲೂಕಿನ ಕೊಣ್ಣೂರಿನ ಶಿಲಾಶಾಸನವು ವಿದ್ವಾಂಸರಿಗೆ ಸುಪರಿಚಿತವಾದುದು. ಬಂಕೇಯನು ಕಟ್ಟಿಸಿದ ಜಿನಾಲಯಕ್ಕೆ ರಾಷ್ಟ್ರಕೂಟ ಅಮೋಘವರ್ಷನು ಶಕ 782ರಲ್ಲಿ, ಎಂದರೆ ಕ್ರಿ.ಶ. 860ರಲ್ಲಿ, ಕೊಟ್ಟ ದತ್ತಿಯನ್ನು ಅದು ಹೇಳುತ್ತದೆ. ಆದರೆ ಕಲ್ಲು ಆ ಕಾಲದ್ದಲ್ಲ. ಮೇಘಚಂದ್ರ ತ್ರೈವಿದ್ಯರ ಶಿಷ್ಯರಾದ ವೀರನಂದಿಗಳು ತಾಮ್ರಶಾಸನವನ್ನು ನೋಡಿ ಶಿಲೆಯಲ್ಲಿ ಬರೆಯಿಸಿದರೆಂದು ಶಾಸನವೇ ತಿಳಿಸುತ್ತದೆ. ಅದು 12ನೆಯ ಶತಮಾನದ ಸಂಗತಿ. ಕೀಲ್‌ಹಾರ್ನರು 'ಎಪಿಗ್ರಾಫಿಯಾ ಇಂಡಿಕಾ'ದ 6ನೆಯ ಸಂಪುಟದಲ್ಲಿ ಇದನ್ನು ಕೂಟಶಾಸನವೆಂದೇ ಪ್ರಕಟಿಸಿದರು.

ರೋಣ, ನರಗುಂದ, ಗಜೇಂದ್ರಗಡ ಸೀಮೆಯ ಜೈನ ಶಾಸನಗಳ ಹಾಗೂ ಹಸ್ತಪ್ರತಿಗಳ ಸೂಚಿಯನ್ನು ಹಲವರು ಕೂಡಿ ಏರ್‌ಟೇಬಲ್‌ನಂತಹ ದತ್ತಸಂಚಯದಲ್ಲಿ ಸಿದ್ಧಪಡಿಸುತ್ತಿರುವರೆಂದು ಭಾವಿಸೋಣ. ಕಾಲದ ಅಂಕಣದಲ್ಲಿ ಒಬ್ಬರು '860' ಎಂದಷ್ಟೇ ತುಂಬುತ್ತಾರೆ. ಮತ್ತೊಬ್ಬರು 'ಇದು ದತ್ತಿಯ ಕಾಲವೋ, ಕಲ್ಲಿನ ಕಾಲವೋ?' ಎಂದು ಟಿಪ್ಪಣಿ ಬರೆದು, @ ಚಿಹ್ನೆಯೊಡನೆ ಸಂಪಾದಕರ ಹೆಸರನ್ನು ಸೇರಿಸುತ್ತಾರೆ. ಸಂಪಾದಕರು ಅದನ್ನು ಕಾಣದಿದ್ದರೆ ದೋಷವು ಹಾಗೆಯೇ ಅಚ್ಚಿಗೆ ಹೋಗುವುದು. ಆದುದರಿಂದ, ತಂಡದವರು ನಿತ್ಯವೂ ನೋಡುವ ಸ್ಲ್ಯಾಕ್‌ನಂತಹ ಸಂವಾದಸ್ಥಾನಕ್ಕೆ ಈ ಕರೆಯನ್ನು ಸಾಗಿಸುವುದು ಯುಕ್ತ.

ಇದರ ಕ್ರಮವು ಹೀಗಿದೆ. ಏರ್‌ಟೇಬಲ್ ತನ್ನ ಎಪಿಐ ಎಂಬ ದ್ವಾರದ ಮೂಲಕ ಪ್ರತಿಯೊಂದು ದಾಖಲೆಯ ಟಿಪ್ಪಣಿಗಳನ್ನೂ ಅವುಗಳ ಸಂಖ್ಯೆಯನ್ನೂ ಒದಗಿಸುತ್ತದೆ. ಒಂದು ಚಿಕ್ಕ ಕ್ರಮವಿಧಿಯು ನಿಯತಕಾಲಕ್ಕೊಮ್ಮೆ ಅವನ್ನು ಓದಿ, ಹೆಸರು ಕರೆದಿರುವ ಹೊಸ ಟಿಪ್ಪಣಿಗಳನ್ನು ಆರಿಸಿ, ಸ್ಲ್ಯಾಕ್ ನೀಡುವ ವೆಬ್‌ಹುಕ್ ಎಂಬ ಗುಪ್ತ ವಿಳಾಸಕ್ಕೆ ಕಳುಹಿಸುತ್ತದೆ. ಕಳುಹಿಸಿದ ಟಿಪ್ಪಣಿಯ ಗುರುತನ್ನು ಬರೆದಿಟ್ಟುಕೊಂಡಲ್ಲಿ ಪುನರುಕ್ತಿಯುಂಟಾಗದು.

ಇಲ್ಲಿ ಮುಖ್ಯವಾದ ತೊಡಕು ಹೆಸರಿನದು. ದತ್ತಸಂಚಯವು ವ್ಯಕ್ತಿಯನ್ನು ತನ್ನದೇ ಸಂಕೇತದಿಂದ ಗುರುತಿಸುತ್ತದೆ. ಸ್ಲ್ಯಾಕ್‌ನ ಸದಸ್ಯಸಂಕೇತವು ಬೇರೆ. ಹೆಸರನ್ನು ಅಕ್ಷರಗಳಲ್ಲಿ ಬರೆದ ಮಾತ್ರಕ್ಕೆ ಸ್ಲ್ಯಾಕ್ ಆ ವ್ಯಕ್ತಿಯನ್ನು ಎಚ್ಚರಿಸದು. ಇಬ್ಬರು ಸಂಪಾದಕರು ಒಂದೇ ಓಲೆಪ್ರತಿಗೆ 'ಕ' ಎಂದೂ 'ಗ' ಎಂದೂ ಸಂಕೇತವಿಟ್ಟಿದ್ದರೆ ನಾವು ಹೊಂದಾಣಿಕೆಯ ಪಟ್ಟಿಯನ್ನು ಮಾಡಿಕೊಳ್ಳುವೆವಷ್ಟೆ. ಅಂತೆಯೇ ಇಲ್ಲಿಯೂ ಎರಡು ಸಂಕೇತಗಳ ಪಟ್ಟಿಯೊಂದು ಅವಶ್ಯ; ಹೊಸಬರು ತಂಡವನ್ನು ಸೇರಿದಾಗ ಅದನ್ನು ತಿದ್ದಬೇಕು. ಸಂದೇಶದಲ್ಲಿ ಶಾಸನದ ಹೆಸರು, ಟಿಪ್ಪಣಿಯ ಪಾಠ, ದಾಖಲೆಯ ಕೊಂಡಿ ಈ ಮೂರೂ ಇರತಕ್ಕದ್ದು.

ಕಡೆಯದಾಗಿ ಒಂದು ಮಾತು. ಸ್ಲ್ಯಾಕ್‌ನ ಉಚಿತ ವ್ಯವಸ್ಥೆಯಲ್ಲಿ ಹಿಂದಿನ 90 ದಿನಗಳ ಸಂದೇಶಗಳು ಮಾತ್ರ ಕಾಣಸಿಗುತ್ತವೆ. ಸಂವಾದದಲ್ಲಿ ನಿರ್ಣಯವಾದುದು ಅಲ್ಲಿಯೇ ಉಳಿದರೆ ಮುಂದಿನ ಸಂಶೋಧಕರಿಗೆ ಅದು ಇಲ್ಲದಂತೆಯೇ ಸರಿ. 'ದತ್ತಿ 860, ಶಿಲಾಲೇಖನ 12ನೆಯ ಶತಮಾನ' ಎಂಬ ತೀರ್ಮಾನವನ್ನು, ಅದಕ್ಕೆ ಆಧಾರವಾದ ಶಾಸನವಾಕ್ಯದ ನಿರ್ದೇಶನದೊಡನೆ, ಮೂಲ ದಾಖಲೆಯಲ್ಲಿಯೇ ಬರೆಯತಕ್ಕದ್ದು. ಸಂದೇಶವು ಕರೆಯುವುದಕ್ಕೆ ಮಾತ್ರ; ಪ್ರಮಾಣವು ಸೂಚಿಯಲ್ಲಿಯೇ ನಿಲ್ಲಬೇಕು.